ಸರದಿಯಲ್ಲಿ ಎರಡು ಕಡತ

ಗೋಡೆಗೂ ಕಿವಿ ಇರುತ್ತದಂತೆ.
ನಮ್ಮದು ಪೋರ್ಟೊದ ಗ್ರಾನೈಟು, ಮೊಳಕ್ಕಿಂತ ದಪ್ಪ,
ಹುಟ್ಟುಗಿವುಡು.
ಪ್ರಿಂಟರು ಕೆಳಗಿದ್ದಾಗ ಮಹಡಿಯಿಂದ ನಾನು ಕಳಿಸಿದ್ದು
ಅದಕ್ಕೆ ಮುಟ್ಟುತ್ತಿರಲಿಲ್ಲ.
ಮೇಲೆ ತಂದಿಟ್ಟರೆ ಅದೆರಿತುವಿನದು ಮುಟ್ಟದು.
ಕೊನೆಗೆ ಮಗಳು ಲಿಯೊನೋರ್ ಉಸಿರುಬಿಡುತ್ತ ಹೊತ್ತು ತಂದು
ಮೆಟ್ಟಿಲ ತಿರುವಿನಲ್ಲಿ ಕೂರಿಸಿದಳು, ಗಡಿಕಲ್ಲಿನಂತೆ.
"ಇಬ್ಬರಿಗೂ ಹನ್ನೊಂದು ಮೆಟ್ಟಿಲು, ಎಣಿಸಿದ್ದೇನೆ" ಎಂದಳು.
"ಪಾಸ್‌ವರ್ಡ್ ಒಂದೇ. ಯಾರಾದರೂ ಬದಲಾಯಿಸಿದರೆ
ಕ್ರಿಸ್‌ಮಸ್‌ಗೆ ನಾನು ಬರುವುದಿಲ್ಲ."
ವೈಫೈನಲ್ಲಿ ನಮಗೆ ಹೆಸರನ್ನೂ ಇಟ್ಟು ಹೋದಳು:
ಎರ್ಮೆಲಿಂಡಾ-ಮೇಲೆ. ಅದೆರಿತು-ಕೆಳಗೆ.

ಉಳಿದದ್ದೆಲ್ಲ ಅಷ್ಟರಲ್ಲಿ ಪಾಲಾಗಿತ್ತು.
ಉಪ್ಪುಮೀನು ನೆನೆಸುವ ದೊಡ್ಡ ಪಾತ್ರೆ ಅವನಿಗೆ,
ಅದರ ಮುಚ್ಚಳ ನನಗೆ. ಯಾಕೆಂದು ಈಗ ನೆನಪಿಲ್ಲ,
ಹಠವೇ ಇರಬೇಕು.
ಮನೆ ಮಾರೋಣವೆಂದರೆ ಅವನ ತಂಗಿಯ ಸಹಿ ಬೇಕು,
ಅವಳು ಹಾಕಳು.
ಹೀಗೆ ಅವನು ಕೆಳಗೆ,
ಅಕಾರ್ಡಿಯನ್ನುಗಳ ಹೊಟ್ಟೆ ಬಿಚ್ಚಿ ಸ್ವರ ಸರಿಮಾಡುತ್ತ.
ನಾನು ಮೇಲೆ, ಬಾಯಲ್ಲಿ ಗುಂಡುಪಿನ್ನು.

ಅವನ ಬಿಲ್ಲು ಒಂದು ಹಾಳೆ.
ನನ್ನ ಕೋಟಿನ ನಮೂನೆ ಮೂವತ್ತೆರಡು.
ಒಂದೊಂದರಲ್ಲೂ ಒಂದು ತುಂಡು ಗೆರೆ, ಮೂಲೆಯಲ್ಲಿ ಅಂಕಿ.
ಅಂಟಿಸಿ ನೆಲಕ್ಕೆ ಹಾಸಿದರೆ
ಯಾರೋ ಅಂಗಾತ ಮಲಗಿದ ಹಾಗೆ.
ಅಷ್ಟೂ ಮುಗಿಯುವವರೆಗೆ ಕೆಳಗೆ ಅವನ ಸ್ಕ್ರೀನಿನಲ್ಲಿ
"ಸರದಿಯಲ್ಲಿದೆ, ಕಾಯಿರಿ".
ಕಾದ.
ಇಪ್ಪತ್ತಾರು ವರ್ಷ ಬಡಿಸುವವರೆಗೂ ಕಾಯದವನು.

ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಮೊದಲು ಬಂದದ್ದು ಮೊದಲು.
ಹಾಳೆಯನ್ನು ಮುಖ ಕೆಳಗಾಗಿಯೇ ಹೊರಗಿಡುತ್ತದೆ,
ಪರರದನ್ನು ಓದಬಾರದೆಂಬ ಸಭ್ಯತೆಯಿಂದ.
ನಾನು ಓದುತ್ತಿದ್ದೆ. ಸುಳ್ಳು ಯಾಕೆ.
ಒಂದು ಬಿಲ್ಲಿನಲ್ಲಿ ಹನ್ನೆರಡು ಯೂರೊ ಕಡಿಮೆ ಕೂಡಿಸಿದ್ದ;
ಪೆನ್ಸಿಲಿನಲ್ಲಿ ಸುತ್ತುಹಾಕಿ ಅಲ್ಲೇ ಇಟ್ಟುಬಂದೆ.
ಮರುದಿನ ನೋಡಿದರೆ
ಟ್ರೇ ತುಂಬ ಹೊಸ ಕಾಗದ.
ಮಾತಿಲ್ಲ.

ಕೆಲವು ರಾತ್ರಿ ಅದು ತಾನಾಗಿ ಎಚ್ಚರಾಗುತ್ತದೆ,
ಗೊರಗೊರ ಸದ್ದು, ಗಂಟಲು ಸರಿಮಾಡಿಕೊಂಡಂತೆ.
ಮೊದಮೊದಲು ಇಬ್ಬರೂ ಬಾಗಿಲು ತೆಗೆದು ಇಣುಕುತ್ತಿದ್ದೆವು:
ಮೇಲೊಂದು ಬೆಳಕು, ಕೆಳಗೊಂದು ಬೆಳಕು,
ನಡುವೆ ಪಿಳಿಪಿಳಿ ಹಸಿರು ದೀಪ.
ಈಚೆಗೆ ಕೆಳಗಿನ ಬಾಗಿಲು ತೆರೆಯುತ್ತಿರಲಿಲ್ಲ.
ಕೋಪ ಅಂದುಕೊಂಡಿದ್ದೆ.

ಫೆಬ್ರವರಿಯಲ್ಲಿ, ಬೊನ್‌ಫಿಂನ ಡಾಕ್ಟರ ಹೆಂಡತಿಯ ಕೋಟು.
ಹದಿನೆಂಟನೇ ಹಾಳೆಗೆ ಕಾಗದ ತೀರಿತು,
ಉಳಿದದ್ದನ್ನು ಬೇರೆಯಾಗಿ ಕಳಿಸಿದೆ.
ಕಂತೆಯನ್ನು ಎತ್ತಿ ತಂದು, ಮಂಡಿಯೂರಿ,
ಒಂದಕ್ಕೊಂದು ಅಂಟಿಸುತ್ತ ಬಂದರೆ
ಹದಿನೆಂಟಕ್ಕೂ ಹತ್ತೊಂಬತ್ತಕ್ಕೂ ನಡುವೆ,
ತೋಳು ಹೋಗಿ ಹೆಗಲಿಗೆ ಸೇರುವ ಕಡೆ,
ಆಸ್ಪತ್ರೆಯ ಚೀಟಿ.
ಅವನ ಹೆಸರು. ಹುಟ್ಟಿದ ತಾರೀಖು.
ಬಲಗಿವಿ, ಎರಡನೇ ಪರೀಕ್ಷೆ, ಮಂಗಳವಾರ.
ಜೊತೆಗೆ ಒಬ್ಬರನ್ನು ಕರೆತನ್ನಿ.

ಸ್ವರ ಹಿಡಿದು ಬದುಕುವವನ ಕಿವಿ.
ಎರಡನೇ ಪರೀಕ್ಷೆ. ಮೊದಲನೆಯದು ಯಾವಾಗ ಆಯಿತು,
ಯಾರು ಹೋಗಿದ್ದರು ಜೊತೆಗೆ?
ಬೆರಳಿಗೆ ಅಂಟಿದ್ದ ಟೇಪನ್ನು ಎಷ್ಟು ಹೊತ್ತು
ಹಾಗೇ ಉಜ್ಜುತ್ತ ಕೂತಿದ್ದೆನೋ.
ಅವನ ಹಾಳೆಗೂ ನನ್ನ ಗೆರೆಗೂ ಕೂಡಲಿಲ್ಲ.
ಕೂಡಲೆಂದು ನಾನು ಬಯಸಿದ್ದೂ ಅಲ್ಲ, ಆ ಮಾತು ಬೇರೆ.

ಹನ್ನೊಂದು ಮೆಟ್ಟಿಲಿಳಿದು
ಚೀಟಿಯನ್ನು ಮುಖ ಕೆಳಗಾಗಿ ಇಟ್ಟೆ,
ಈಗಷ್ಟೇ ಬಂದದ್ದು ಎನ್ನುವಂತೆ.
ಹನ್ನೊಂದು ಹತ್ತಿ, ಕಂಪ್ಯೂಟರಿನ ಮುಂದೆ ಕೂತು
ಒಂದೇ ಸಾಲು ಬರೆದು ಕಳಿಸಿದೆ:
ಮಂಗಳವಾರ ನನಗೆ ಕೆಲಸವಿಲ್ಲ.
ಗೋಡೆಯಾಚೆ ಯಂತ್ರ ಕೆಮ್ಮಿತು.
ಅದು ನನಗೆ ಕೇಳಿತು.

ಬೆಳಿಗ್ಗೆ, ಕಡಲಕ್ಕಿಗಳು ಹೆಂಚಿನ ಮೇಲೆ ಕಚ್ಚಾಡುವಾಗ,
ಅದೇ ಹಾಳೆ, ನನ್ನ ಸಾಲಿನ ಕೆಳಗೆ ಅವನ ವಕ್ರಾಕ್ಷರ:
ಒಂಬತ್ತೂವರೆಗೆ. ದಾರಿಯಲ್ಲಿ ಎಡಗಡೆ ನಡೆ.
ಇನ್ನೂ ಕೆಳಗೆ, ಬಿಲ್ಲು ಬರೆಯುವ ಗತ್ತಿನಲ್ಲಿ:
ಟೋನರ್ ಮುಗಿಯುತ್ತ ಬಂದಿದೆ. ಈ ಸಲ ನಿನ್ನ ಪಾಲು.