ಘೋಷಿತ ಮೌಲ್ಯ

ಫಾರ್ಮಿನ ಆರನೆಯ ಕಾಲಂ ಖಾಲಿ ಬಿಡುವ ಹಾಗಿಲ್ಲ.
ಒಳಗೇನಿದೆ? ನಾಣ್ಯ.
ಎಷ್ಟು? ಒಂದೇ.
ಬೆಲೆ?
ಇಪ್ಪತ್ತು ಪೈಸೆ, ಅಂದರು ವಾಮನ ಸಾಲ್ಯಾನ್,
ನಿಂತ ನೆಲ ಇನ್ನೂ ಓಡುತ್ತಿದೆಯೋ ಎಂಬಂತೆ
ಕಾಲು ಅಗಲಿಸಿ, ನನ್ನ ಕೌಂಟರಿಗೆ ಸೊಂಟ ಆನಿಸಿ.
ತಲಪಾಡಿ ಲೈನಿನಲ್ಲಿ ಮೂವತ್ತೊಂದು ವರ್ಷ
ಸೀಟಿ ಊದಿದ ಬಾಯಿ.

ನಮ್ಮ ಕಂಪ್ಯೂಟರಿಗೆ ಪೈಸೆ ಗೊತ್ತಿಲ್ಲ.
ಸೊನ್ನೆ ಹಾಕಿದರೆ ಕೆಂಪಾಗುತ್ತದೆ.
ಒಂದು ರೂಪಾಯಿ ಅಂತ ಒತ್ತಿದೆ.
ಎಂಬತ್ತು ಪೈಸೆ ಜಾಸ್ತಿ ಬರೆದಿರಿ, ಅಂದರು.

ಮುಂಬಯಿಯ ಯಾವುದೋ ಕೋಣೆಯಲ್ಲಿ
ದೀಪದ ಕೆಳಗೆ ಭೂತಗನ್ನಡಿ ಹಿಡಿದು ನೋಡುತ್ತಾರಂತೆ:
ಗೀರು, ಸವಕಲು, ಅಂಚು, ಹೊಳಪು.
ಎಪ್ಪತ್ತಕ್ಕೆ ಅಂಕ ಕೊಟ್ಟು
ತೆರೆಯಲಾಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕಳಿಸುತ್ತಾರಂತೆ.
ನೂರಕ್ಕೆ ಯಾಕಲ್ಲ? ಗೊತ್ತಿಲ್ಲ.
ಫೀಸು?
ಒಂಬೈನೂರು.

ನಾನು ತಲೆ ಎತ್ತಿದೆ.
ಒಂಬೈನೂರಕ್ಕೆ ಬಂದರಿನಲ್ಲಿ ಒಂದು ಕೆಜಿ ಅಂಜಲ್ ಬರುತ್ತದೆ.

ಅಂಗೈಯಲ್ಲಿಟ್ಟು ತೋರಿಸಿದರು. ಎಪ್ಪತ್ತನೇ ಇಸವಿ,
ಹಿತ್ತಾಳೆ ಬಣ್ಣ, ಮೇಲೊಂದು ತಾವರೆ.
ನಮ್ಮಜ್ಜಿಯ ಡಬ್ಬಿಯಲ್ಲೂ ಇಂಥದ್ದು ಇತ್ತು, ಅಂದೆ.
ಎಲ್ಲರ ಡಬ್ಬಿಯಲ್ಲೂ ಇತ್ತು. ಅದೇ ಕಷ್ಟ.

ಮಗಳು ಹೇಳುತ್ತಾಳೆ ಅಪ್ಪನಿಗೆ ಮರುಳು ಅಂತ.
ಕಾರ್‌ಸ್ಟ್ರೀಟಿನ ಅಂಗಡಿಯವ ಹತ್ತು ರೂಪಾಯಿ ಅಂತಾನೆ.
ನಾನು ಚೆಂದ ಉಂಟು ಅಂತೇನೆ.
ನನ್ನದೇ ವಸ್ತು, ನನ್ನದೇ ಬಾಯಿ, ಯಾರು ನಂಬುವುದು?
ನನ್ನ ಗುರುತಿಲ್ಲದವ, ಮುಲಾಜಿಲ್ಲದವ
ಒಂದು ಸಲ, ಎರಡು ನಿಮಿಷ, ಸರಿಯಾಗಿ ನೋಡಲಿ.
ಅದಕ್ಕೆ ದುಡ್ಡು.
ಮೂವತ್ತೊಂದು ವರ್ಷ ಕೈ ದಾಟಿಸಿದ್ದೇನೆ ಮಾರಾಯ್ತಿ,
ಒಂದನ್ನೂ ನೋಡಿಲ್ಲ.

ಹೆಚ್ಚು ಅಂಕ ಯಾವುದಕ್ಕೆ?
ಯಾರ ಕೈಗೂ ಹೋಗದ್ದಕ್ಕೆ,
ಒಂದು ಕಡ್ಡಿಪೆಟ್ಟಿಗೆಯನ್ನೂ ಕೊಳ್ಳದ್ದಕ್ಕೆ.
ನನಗೆ ಇದು ಸರಿ ಕಾಣಲಿಲ್ಲ.
ಸೀಲು ಒತ್ತಿದೆ.

ವಾಪಸು ಬರುವಾಗ ಆಟಿ ಕಳೆದು ಸೋಣ.
ನನ್ನೆದುರೇ ಬಿಚ್ಚಿದರು. ಡಬ್ಬಿಯ ನೆತ್ತಿಗೆ ಚೀಟಿ,
ಅಂಕದ ಜಾಗದಲ್ಲಿ ಅಂಕ ಇಲ್ಲ.
ಕನ್ನಡಕ ತಂದಿರಲಿಲ್ಲ, ನಾನೇ ಓದಿದೆ:
ಅಸಲಿ. ಹಿಂದೆ ಉಜ್ಜಿ ತೊಳೆಯಲಾಗಿದೆ.

ಒಂಬೈನೂರು ಹೋಯಿತಲ್ಲ ಅಂತ ನನಗೇ ಹೊಟ್ಟೆ ಉರಿಯಿತು.
ಇನ್ನೊಮ್ಮೆ ಓದಿ, ಅಂದರು.
ಓದಿದೆ.

ಅಮ್ಮ, ಅಂದರು.
ಬೀಡಿ ಬ್ರಾಂಚಿನಲ್ಲಿ ಮಜೂರಿಯ ಜೊತೆ ಬಂದದ್ದು.
ತಾವರೆ ಇದೆ ಅಂತ ಖರ್ಚು ಮಾಡಲಿಲ್ಲ.
ಪ್ರತಿ ಶುಕ್ರವಾರ ದೀಪದ ಜೊತೆ ಇದಕ್ಕೂ
ಹುಣಸೆಹುಳಿ, ಬೂದಿ, ತೆಂಗಿನ ನಾರು.
ಎಲೆ ಕತ್ತರಿಸಿ ಕತ್ತರಿಸಿ ಕಪ್ಪಾದ ಹೆಬ್ಬೆರಳು
ಉಜ್ಜಿ ಉಜ್ಜಿ ಆ ಒಂದು ದಿನ ಬೆಳ್ಳಗಾಗುತ್ತಿತ್ತು.
ಬೋಳೂರಿನಲ್ಲಿ ಅವಳ ಹೆಸರು ಹೇಳುವವರು
ಈಗ ಮೂರು ಜನ ಇಲ್ಲ.
ಮುಂಬಯಿಯವನಿಗೆ ಹೇಗೆ ಗೊತ್ತಾಯಿತು ನೋಡಿ.

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಅವರು ತಿರುಗಲಿಲ್ಲ.

ಪಾರ್ಸೆಲ್ಲು ಇಟ್ಟುಕೊಂಡದ್ದಕ್ಕೆ ನಲವತ್ತೆಂಟು.
ಉದ್ದಕ್ಕೆ ಮಡಚಿದ ಐವತ್ತರ ನೋಟು ಬೆರಳ ಸಂದಿಯಿಂದ ಬಂತು.
ಚಿಲ್ಲರೆ ಇರಲಿಲ್ಲ. ಎರಡು ಚಾಕಲೇಟು ಮುಂದೆ ದೂಡಿದೆ.
ಹಿಂದೆ ದೂಡಿದರು.
ಬರೆದು ಕೊಡಿ. ನಾವೆಲ್ಲ ಟಿಕೇಟಿನ ಬೆನ್ನಿಗೆ
ಬರೆದು ಕೊಡುತ್ತಿದ್ದೆವು.

ರಸೀದಿ ಮಗುಚಿ ಬರೆದೆ: ಎರಡು ರೂಪಾಯಿ ಬಾಕಿ.
ಕೆಳಗೆ ನನ್ನ ಹೆಸರು, ತಾರೀಕು.
ತೋಳುದ್ದ ದೂರ ಹಿಡಿದು, ಕನ್ನಡಕವಿಲ್ಲದೆ,
ತುಂಬ ಹೊತ್ತು ನೋಡಿದರು.
ಸರಿ ಉಂಟು, ಅಂದರು.