ಹತ್ತು ಉಗುರು

ಮತ್ತಿಕೆರೆ, ರಾತ್ರಿ ಎಂಟೂವರೆ. ಶಟರ್ ಅರ್ಧ ಎಳೆದಿದ್ದೆ.
ಬಗ್ಗಿ ಒಳಬಂದರು ಸರ್ವಮಂಗಳಮ್ಮ.
"ನಾಳೆ ಆರಕ್ಕೆ ಪಿತ್ತಕೋಶದ ಆಪರೇಷನ್ನು,
ಬಣ್ಣ ತೆಗೆಸಿಕೊಂಡೇ ಬನ್ನಿ ಅಂದಿದಾರೆ."

ಮಗಳ ಮದುವೆಗೆ ನಾನೇ ಹಚ್ಚಿದ ಜೆಲ್ಲು, ದಾಳಿಂಬೆ ಕೆಂಪು.
ಬುಡದಲ್ಲಿ ಎಳ್ಳಿನಷ್ಟು ಬರಿಯುಗುರು:
ಮದುವೆಯಾಗಿ ಇಪ್ಪತ್ತು ದಿನ.
ಹೆಬ್ಬೆರಳಲ್ಲಿ ಆಗಲೇ ಹಲ್ಲಿನಿಂದ ಕಿತ್ತ ಗುರುತು.
ಕೀಳಬೇಡಿ, ಅಂದೆ.
ಕಿತ್ತರೆ ಉಗುರೂ ಪದರ ಪದರ ಎದ್ದುಬರುತ್ತೆ,
ಈರುಳ್ಳಿ ಹಾಗೆ.

ಮೇಲಿನ ಮೆರುಗನ್ನಷ್ಟೇ ಉಜ್ಜಿದೆ. ಸುತ್ತಲ ಚರ್ಮಕ್ಕೆ ಕೊಬ್ಬರಿ ಎಣ್ಣೆ.
ಅಸಿಟೋನಿನ ಹತ್ತಿ, ಅದರ ಮೇಲೆ ಫಾಯಿಲು,
ಹತ್ತು ಬೆರಳಿಗೂ ಹತ್ತು ಕುಲಾವಿ.
ಕಾಲು ಗಂಟೆ ಕಾಯಬೇಕು.
ಫೋನು ಬಡಕೊಂಡಿತು, ಎತ್ತಲಾಗದೆ ನಕ್ಕರು:
"ಇಷ್ಟು ಹೊತ್ತು ಕೈಕಟ್ಟಿ ಕೂತದ್ದು
ನನ್ನ ಮದುವೆ ಮಂಟಪದಲ್ಲೂ ಇಲ್ಲ."

ಒಂಬತ್ತು ಸಲೀಸಾಗಿ ಬಿಟ್ಟವು.
ಉಂಗುರದ ಬೆರಳಿನದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.
ಮತ್ತೆ ಹತ್ತಿ, ಮತ್ತೆ ಐದು ನಿಮಿಷ.
ಹೊರಗೆ ಪಾನಿಪೂರಿಯವನು ಪಾತ್ರೆ ತೊಳೆಯುವ ಸದ್ದು.
ಮರದ ಕಡ್ಡಿ ಸೋಕಿದ್ದೇ ತಡ, ತಾನಾಗಿ ಜಾರಿತು.

ಒಣಗಿದ, ಬೆಳ್ಳನೆಯ ಉಗುರುಗಳನ್ನು ಬೆಳಕಿಗೆ ಹಿಡಿದು ಕೇಳಿದರು,
"ಆ ಕ್ಲಿಪ್ಪು ಯಾವ ಬೆರಳಿಗೆ ಹಾಕ್ತಾರಮ್ಮ?"
ಗೊತ್ತಿಲ್ಲ, ಅಂದೆ.
ಹತ್ತಕ್ಕೂ ಇನ್ನೊಮ್ಮೆ ಎಣ್ಣೆ ತಿಕ್ಕಿದೆ.
ಬೆಳಿಗ್ಗೆ ಸೋಪು ಹಾಕಿ ತೊಳಕೊಳ್ಳಿ.