ಗಂಟೆಯ ಕಾಲಂ ಇಲ್ಲದ ಹಾಳೆ

ಜಬೀವುಲ್ಲಾ ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ
ಆರು ಗೆರೆ, ಗೆರೆಗಳ ಮೇಲೆ ಅಂಕಿ.
ಹಾಡಿನ ಹೆಸರು ಮಷಿನ್ನಿನ ಬಾಯಲ್ಲೇ ಅರ್ಧ ಉಳಿದಿದೆ.
‘ಸುಲಭ ಓಬಳೇಶಣ್ಣ,’ ಅಂದ,
‘ಕಂಬ ಹತ್ತಿದೋನಿಗೆ ತಂತಿ ಹೇಳಿಕೊಡಬೇಕಾ?’

ಕಂಬದವನ ಹಾಗೇ ಓದಿದೆ.
ಮೇಲಿನ ಗೆರೆ ಮೇಲಿನ ತಂತಿ ಅಂದುಕೊಂಡು
ಮೂರು ರಾತ್ರಿ ಬಾರಿಸಿದೆ.
ಹೊಳಲ್ಕೆರೆ ರಸ್ತೆಯ ನಮ್ಮ ಸಬ್‌ಸ್ಟೇಷನ್ನಿನ ನಾಯಿ
ಎದ್ದು ಬ್ಯಾಟರಿ ರೂಮಿನ ಹಿಂದೆ ಹೋಗಿ ಮಲಗಿತು.
ನಾಲ್ಕನೇ ರಾತ್ರಿ ಅವನು ನಗು ತಡೆಯಲಾರದೆ ಹೇಳಿದ:
ಮೇಲಿನ ಗೆರೆ ಸಣ್ಣ ತಂತಿ, ಕೆಳಗಿನದು ದಪ್ಪ,
ಎಲ್ಲ ತಲೆಕೆಳಗು.
ಸಿಟ್ಟು ಬಂತು.
ಗಿಟಾರು ತೊಡೆಯ ಮೇಲಿಟ್ಟು ಬಗ್ಗಿ ನೋಡಿದೆ.
ದಪ್ಪದ್ದು ಕಣ್ಣಿಗೆ ಹತ್ತಿರ, ಸಣ್ಣದು ಆಚೆ ಅಂಚಿಗೆ.
ಓಹೋ,
ಈ ಹಾಳೆ ಬರೆದವನು
ಕೆಳಗೆ ನಿಂತು ಕತ್ತೆತ್ತಿದವನಲ್ಲ,
ಮೇಲೇರಿ ಬೆಲ್ಟು ಬಿಗಿದು ಬಗ್ಗಿ ನೋಡಿದವನು.

ಸೊನ್ನೆ ಬಂದಲ್ಲೆಲ್ಲ ಏನೂ ಇಲ್ಲವೆಂದು ದಾಟುತ್ತಿದ್ದೆ.
ಅಲ್ಲವಂತೆ. ಬೆರಳಿಡದೆ ಮೀಟು,
ತಂತಿ ಪೂರಾ ತಾನೇ ಆಗಿ ಮಿಡಿಯಲಿ ಅಂತ.
ನಮ್ಮ ಲಾಗ್ ಬುಕ್ಕಿನಲ್ಲಿ ಸೊನ್ನೆ ಬಿದ್ದರೆ
ಅರ್ಧ ದುರ್ಗ ಕತ್ತಲು.

ಐದು, ಎಚ್, ಏಳು:
ಐದನೇ ಮನೆಯಲ್ಲಿ ಮೀಟಿ, ಏಳಕ್ಕೆ ಬೆರಳಿಂದಲೇ ಸುತ್ತಿಗೆ ಏಟು.
ಪಿ ಅಂದರೆ ಅದೇ ಬೆರಳು ಕಿತ್ತು ಬರುವುದು,
ಬರುವಾಗ ತಂತಿಯನ್ನು ಒಂಚೂರು ಕೆರೆದು.
ಓರೆ ಗೆರೆಗೆ ಜಾರು, ಎತ್ತಬೇಡ.
ಅಲೆಗೆರೆಗೆ ನಡುಗಿಸು, ಹೆದರಿದ ಹಾಗಲ್ಲ,
ಜ್ವರದ ಮಗುವಿನ ಬೆನ್ನು ನೇವರಿಸುವ ಹಾಗೆ.

ಎಕ್ಸಿಗೆ ಬಂದಾಗ ದನಿ ತಗ್ಗಿಸಿದ.
ಮುಟ್ಟು, ಒತ್ತಬೇಡ. ಸ್ವರ ಬರಬಾರದು,
ಟಕ್ ಅನ್ನಬೇಕು, ಅಷ್ಟೇ.
ಅದನ್ನು ನನ್ನ ಉಂಗುರಬೆರಳಿಗೆ ಕಲಿಸಬೇಕಿರಲಿಲ್ಲ.
ಭೀಮಸಮುದ್ರದ ಫೀಡರು, ಎಂಟು ವರ್ಷದ ಹಿಂದೆ.
ಲೈನ್ ಕ್ಲಿಯರ್ ಅಂದಿದ್ದರು.
ಅಂದಿನಿಂದ ಆ ಬೆರಳಿಗೆ ಬಿಸಿ ಇಲ್ಲ, ತಣ್ಣಗಿಲ್ಲ,
ನನಗೆ ಕಂಬವಿಲ್ಲ, ನೈಟ್ ಶಿಫ್ಟು.

ಒಂದು ಗಂಟೆಯ ರೀಡಿಂಗ್ ಬರೆಯುವಾಗ ಹೊಳೆಯಿತು:
ಲಾಗ್ ಬುಕ್ಕಿನಲ್ಲಿ ಮೊದಲು ಗಂಟೆಯ ಕಾಲಂ,
ಆಮೇಲೆ ವೋಲ್ಟು, ಆಂಪ್ಸು.
ಈ ಹಾಳೆಯಲ್ಲಿ ಗಂಟೆಯೇ ಇಲ್ಲ.
ಎಲ್ಲಿ ನಿಲ್ಲಬೇಕು, ಬರೆದಿದೆ.
ಎಷ್ಟು ಹೊತ್ತು, ಬರೆದಿಲ್ಲ.
‘ಅದು ಹಾಡು ಕೇಳಿದೋರಿಗೆ ಗೊತ್ತಿರುತ್ತೆ.’
ನಾನು ಕೇಳಿಲ್ಲವಲ್ಲೋ ಮಾರಾಯ, ಹೆಸರೂ ಅರ್ಧ.

ಜೋಗಿಮಟ್ಟಿ ಕಡೆ ಗಾಳಿಯಂತ್ರಗಳ ಕೆಂಪು ದೀಪ
ಒಮ್ಮೆ ಹತ್ತಿ ಆರುವಷ್ಟು
ಒಂದೊಂದು ಅಂಕಿಯಲ್ಲೂ ನಿಂತೆ.

ಕೊನೆಯ ಸಾಲು, ಕೆಳಗಿನ ಗೆರೆ:
ಮೂರು, ಪಕ್ಕದಲ್ಲಿ ಬಿ.
ದಪ್ಪ ತಂತಿ, ಮೂರನೇ ಮನೆ, ಎಳೆ.
ಎಳೆದೆ, ಕೂದಲೆಳೆಯಷ್ಟು,
ಕಿಟಕಿಯಾಚೆಯ ಟ್ರಾನ್ಸ್‌ಫಾರ್ಮರು
ಇಷ್ಟು ವರ್ಷ ಒಬ್ಬಂಟಿ ಗುಂಯ್ಗುಡುತ್ತಿದ್ದದ್ದು
ಸೀದಾ ನನ್ನ ತೊಡೆಯ ಮೇಲಿನ ಮರದೊಳಗೆ ಬಂದು ಕೂತಿತು.
ಜಬೀವುಲ್ಲಾ ಟೀ ಲೋಟ ಕೆಳಗಿಟ್ಟ.
‘ಇನ್ನೊಂದ್ಸಲ,’ ಅಂದ.

ಎರಡರ ರೀಡಿಂಗು ಎರಡೂ ಹತ್ತಕ್ಕೆ ಬರೆದೆವು.
ಗಂಟೆಯ ಕಾಲಂನಲ್ಲಿ
ಎರಡು ಅಂತಲೇ ಹಾಕಿದೆ.